ಶೇಂಗಾ ಮಿಲ್ಲಿನ ನಕ್ಷೆ

ಚಳ್ಳಕೆರೆ, ಪಾವಗಡ ರಸ್ತೆ.
ಬೀಗ ಬಿದ್ದು ಹನ್ನೊಂದು ವರ್ಷವಾದ ಎಣ್ಣೆ ಮಿಲ್ಲು.
ಗೋಡೆಗೆ ಮೂಗು ಹಚ್ಚಿದರೆ ಇನ್ನೂ ಹಿಂಡಿಯ ವಾಸನೆ,
ತಗಡಿನ ಸಂದಿಯಲ್ಲಿ ಗುಬ್ಬಿಗಳ ಸಂಸಾರ.
ಇಲ್ಲೇ ಆಗಲಿ ಮಕ್ಕಳ ಮ್ಯೂಸಿಯಂ,
ನಮ್ಮ ನೆಲದ್ದು, ನಮ್ಮ ಹುಲ್ಲಿನದು, ಎಂದರು ಸಮಿತಿಯವರು.
ಎಂದವರು ಒಂಬತ್ತು ಜನ,
ನಕ್ಷೆ ಬರೆಯುವವಳು ನಾನೊಬ್ಬಳು.

ಮೂವತ್ತು ವರ್ಷ ಬರೆದದ್ದೇನು?
ಮೋರಿ, ಚೆಕ್ ಡ್ಯಾಂ, ಅಂಗನವಾಡಿಯ ಸಜ್ಜಾ,
ಸ್ಮಶಾನದ ತಂತಿಬೇಲಿ.
ಅಳತೆ ತಪ್ಪಿದ್ದಿಲ್ಲ ಒಂದೂ.
ಯಾರ ಅಳತೆ ಎಂದು ಕೇಳಿದವರೂ ಇಲ್ಲ.

ಮೊದಲ ಹಾಳೆಯಲ್ಲಿ ಗಾಜಿನ ಪೆಟ್ಟಿಗೆ ಹದಿನಾಲ್ಕು:
ಕೃಷ್ಣಮೃಗದ ಕೊಂಬು, ಗೀಜಗನ ಗೂಡು,
ಚೀಟಿ ಅಂಟಿಸಿದ ಶೀಷೆಗಳಲ್ಲಿ ಕೆಮ್ಮಣ್ಣು, ಎರೆಮಣ್ಣು.
ಮೂಲೆಯಲ್ಲಿ, ಸುತ್ತೋಲೆ ಹೇಳಿದ ಹಾಗೆ,
'ವಿಶೇಷ ಚೇತನರಿಗೆ ಪ್ರತ್ಯೇಕ ಕೊಠಡಿ,
ಹತ್ತು ಅಡಿ ಹನ್ನೆರಡು ಅಡಿ.'
ಚೆಂದದ ಅಕ್ಷರ ನನ್ನದು.

ಶನಿವಾರ ಮಕ್ಕಳನ್ನು ಕರೆಸಿದೆವು.
ಓಬಕ್ಕ ಬಂದಳು, ಅಂಗೈಗೆ ಹವಾಯಿ ಚಪ್ಪಲಿ ತೊಟ್ಟು
ನೆಲದ ಮೇಲೆ ಕೂತೇ ಸರಿಯುತ್ತ.
ಹೊಸ್ತಿಲ ಮುಂದೆ ತಡೆದು, ಗೇಣು ಹಾಕಿ ನೋಡಿದಳು:
"ಅಕ್ಕಾ, ನಿಮಗಿದು ಒಂದು ಹೆಜ್ಜೆ.
ನನಗೆ ಗ್ವಾಡೆ."

ಮಾಬುನ್ನಿಗೆ ಕಣ್ಣು ಕಾಣದು.
ಶೀಷೆ ಕೊಟ್ಟರೆ ಅಲುಗಿಸಿ, "ಮುಚ್ಚಳ ತಗೀರಿ" ಎಂದಳು.
ನಾಲ್ಕು ಹನಿ ನೀರು ಚಿಮುಕಿಸಿ ಮೂಸಿದಳು:
"ಇದು ಹತ್ತಿ ಹೊಲದ ಎರೆ.
ಇದು ನಮ್ಮಜ್ಜಿ ಒಲೆಗೆ ಮೆತ್ತೋ ಮಣ್ಣು."
ಕನ್ನಡಕ ಹಾಕಿಕೊಂಡು ನೋಡಿದೆ,
ಚೀಟಿಗಳನ್ನು ಅದಲು ಬದಲು ಅಂಟಿಸಿದ್ದೆ ನಾನು.

"ಕೊಂಡುಕುರಿ ಎಷ್ಟೆತ್ತರ?"
ಇಪ್ಪತ್ತನಾಲ್ಕು ಇಂಚು ಎಂದೆ.
"ಇಂಚು ಬ್ಯಾಡ. ನನ್ನ ಮೈಮೇಲೆ ಎಲ್ಲಿಗೆ ಬರ್ತದೆ?"

ಕ್ಯಾತಲಿಂಗ ಹಟ್ಟಿಯ ಹುಡುಗ. ಕಿವಿ ಕೇಳದು.
ಗುಡ್ಡದ ಗಾಳಿಯಂತ್ರದ ಕಂಬಕ್ಕೆ ದವಡೆ ಒತ್ತಿ
ಗಾಳಿ ಕೇಳುತ್ತಾನಂತೆ, ಅವನ ತಂಗಿ ಹೇಳಿದ್ದು.
ನನ್ನ ಪೆನ್ಸಿಲು ಕಿತ್ತುಕೊಂಡು
ಅಂಗಳದ ನಡುವೆ ಉದ್ದ ಗೆರೆ ಎಳೆದ: ಕಂಬ.
ಬುಡದಲ್ಲೊಂದು ಕುರಿ.
ಕುರಿಗೂ ಟಿಕೇಟಾ ಎಂದು ಸಮಿತಿಯವರೊಬ್ಬರು ನಕ್ಕರು.
ನಕ್ಕ ಬಾಯಿಯನ್ನೇ ನೋಡಿದ.
ಇನ್ನೊಂದು ಕುರಿ ಬರೆದ.

ರಾತ್ರಿ ಅಳಿಸಲು ಕೂತೆ.
ಪ್ರತ್ಯೇಕ ಕೊಠಡಿಗೆ ರಬ್ಬರು ಸಾಲಲಿಲ್ಲ,
ಇಂಕಿನ ಗೆರೆ, ಬ್ಲೇಡಿನಿಂದ ಕೆರೆಯಬೇಕಾಯಿತು.
ಅಷ್ಟಗಲ ಹಾಳೆ ತೆಳ್ಳಗಾಗಿ
ಕೆಳಗಿನ ಮೇಜು ಕಾಣುತ್ತಿತ್ತು.
ಹೊಸ್ತಿಲಿದ್ದಲ್ಲಿ ಇಳಿಜಾರು ಮಣ್ಣಿನ ದಾರಿ,
ಶೀಷೆಗಳ ಜಾಗದಲ್ಲಿ ಕೈ ಮುಳುಗುವ ಗುಡಾಣ.
ಗುಬ್ಬಿಯ ಸಂದಿಗೆ ಬಾಣದ ಗುರುತು: ಹೀಗೇ ಇರಲಿ.
ಕೊಂಡುಕುರಿಗೆ ಮರದ ಮೈ, ಕಂಬಳಿಯ ತೊಗಲು,
ಎತ್ತರ: ಮಾಬುನ್ನಿಯ ಸೊಂಟಕ್ಕಿಂತ ನಾಲ್ಕು ಬೆರಳು ಕೆಳಗೆ.

ಮಾರನೆಯ ವಾರ ಅವಳು ಅದನ್ನು ಸವರಿ,
"ಏನೂ ಇಲ್ಲವಲ್ಲಕ್ಕಾ, ಬರೇ ಹಾಳೆ" ಎಂದಳು.

ಹೌದಲ್ಲ.
ಗೋಂದು ತರಿಸಿದೆ.
ದಾರಿಗೆ ಉಣ್ಣೆಯ ದಾರ, ಕಂಬಕ್ಕೆ ಹುಣಸೆ ಬೀಜ,
ಚಾವಣಿಗೆ ಶೇಂಗಾ ಸಿಪ್ಪೆ,
ಸುತ್ತ ಕಾಂಪೌಂಡಿಗೆ ಸಾಲಾಗಿ ನವಣೆ ಕಾಳು.
ಬೆರಳಿನಿಂದ ನಡೆದಳು ಒಂದೊಂದೇ ಕಾಳು ಎಣಿಸುತ್ತ,
ಸುತ್ತು ಮುಗಿಸಿ ಕೇಳಿದಳು, "ಒಳಗೆ ಹೋಗೋದು ಎಲ್ಲಿಂದ?"
ಬಾಗಿಲು ಬಿಡುವುದನ್ನೇ ಮರೆತಿದ್ದೆ.
ನಾಳೆ ಬಿಡೋಣ ಎಂದು ದೀಪ ಆರಿಸಿದೆ.

ಬೆಳಿಗ್ಗೆ ನೋಡಿದರೆ ಮೇಜಿನ ಕಾಲಿನುದ್ದಕ್ಕೂ ಇರುವೆ ಸಾಲು.
ಕಾಂಪೌಂಡನ್ನು ಹೊತ್ತುಕೊಂಡು ಹೋಗಿದ್ದವು,
ಮೂಡಣದ ಮೂಲೆಯಲ್ಲಿ ಆರು ಕಾಳು ಬಿಟ್ಟು.

ಅಂದಾಜು ಪಟ್ಟಿ ನಾಳಿದ್ದು ಹೋಗಬೇಕು.
ಕಾಂಪೌಂಡಿನ ಬಾಬ್ತು ಎಂಬ ಕಾಲಮ್ಮಿನಲ್ಲಿ
ಇರುವೆಗಳು ಒಪ್ಪಲಿಲ್ಲ ಎಂದು ಬರೆಯಲು ಬರುವುದಿಲ್ಲ.
ಖಾಲಿ ಬಿಟ್ಟಿದ್ದೇನೆ.
ಆ ಆರು ಕಾಳಿಗೆ ಈಗ ಇನ್ನೊಂದು ಇರುವೆ ಬಂದಿದೆ.